ಒಳಗಿನವಳಾದ ಬಗೆ

ಚಳ್ಳಕೆರೆಯ ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಮೊಳಕಾಲ್ಮೂರಿನಿಂದ ಇಲ್ಲಿಗೆ ಬಸ್ಸಿನಲ್ಲಿ ಎರಡು ತಾಸೂ ಹಿಡಿಯುವುದಿಲ್ಲ. ಜಾತಿ ಒಂದೇ, ದೇವರು ಒಂದೇ, ಹಣೆಯ ಮೇಲಿನ ವಿಭೂತಿಯೂ ಒಂದೇ. ಆದರೆ ನನ್ನ ತವರಿನಲ್ಲಿ ಆಡುತ್ತಿದ್ದ ಮಾತು ತೆಲುಗು. ಅಮ್ಮ ರಾಯದುರ್ಗದ ಕಡೆಯವಳು. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ನಡುಮನೆಯಲ್ಲೇ ಎರಡು ಮಗ್ಗಗಳಿದ್ದವು, ನಾವು ಅವುಗಳ ಸಂದಿಯಲ್ಲೇ ಉಂಡು ಮಲಗಿ ಬೆಳೆದವರು. ಗಂಡನ ಮನೆಯವರದು ಶೇಂಗಾ ಎಣ್ಣೆಯ ಮಿಲ್ಲು, ಪೇಟೆಯಲ್ಲಿ ಅಂಗಡಿ. ಹುಡುಗಿ ಲಕ್ಷಣವಾಗಿದ್ದಾಳೆ, ಬಾಯಿ ಕಡಿಮೆ ಎಂದು ಒಪ್ಪಿಕೊಂಡಿದ್ದರು.

ಬಂದ ಮೂರನೆಯ ದಿನ ಅಡುಗೆಮನೆಯಲ್ಲಿ ಅತ್ತೆ ಕುಕ್ಕರಿನ ಮುಚ್ಚಳ ತೆಗೆದು ಏನಾಯಿತೆಂದು ಕೇಳಿದರು. ಪಪ್ಪು ಇನ್ನೂ ಬೇಯಬೇಕು ಎಂದೆ. ಅತ್ತೆ ಸೌಟು ಹಿಡಿದುಕೊಂಡೇ ಪಡಸಾಲೆಗೆ ಹೋದರು.

"ಕೇಳಿದ್ರಾ, ನಮ್ಮನೆಯಾಗೆ ಬ್ಯಾಳೆ ಮುಗೀತು. ಇನ್ಮ್ಯಾಲೆ ಪಪ್ಪು ಉಣ್ಬೇಕಂತೆ."

ಮದುವೆಗೆಂದು ಬಂದು ಉಳಿದಿದ್ದ ನೆಂಟರೆಲ್ಲ ನಕ್ಕರು. ಗಂಡನೂ ನಕ್ಕರು. ನಾನು ಬಾಗಿಲ ಹಿಂದೆ ನಿಂತು ನಕ್ಕೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ, ಆದರೂ ನಕ್ಕೆ.

ಅಂದಿನಿಂದ ನಾನು 'ಆಂಧ್ರದವಳು'. ಮೊಳಕಾಲ್ಮೂರು ಇರುವುದು ಕರ್ನಾಟಕದಲ್ಲಿ ಎಂದು ಒಂದು ಸಲ ಮೆಲ್ಲಗೆ ಹೇಳಿದ್ದೆ. "ಇರ್ಬೋದು. ಮಾತು ಎಲ್ಲಿದು?" ಎಂದರು ಅತ್ತೆ. ಹಾಲು ಉಕ್ಕಿದರೆ ಆಂಧ್ರದವಳ ಕೈ. ಸಾರು ಖಾರವಾದರೆ ಆಂಧ್ರದವಳ ನಾಲಿಗೆ. ಮಗಳನ್ನು ಹೆರುವಾಗ ನೋವು ತಡೆಯಲಾರದೆ "ನಾ ವಲ್ಲ ಕಾದಮ್ಮಾ" ಎಂದು ಕೂಗಿದೆನಂತೆ. ನನ್ನಿಂದಾಗುವುದಿಲ್ಲ ಅಮ್ಮಾ ಎಂದು. ಆ ಹೊತ್ತಿನಲ್ಲಿ ಬಾಯಿಗೆ ಯಾವ ಭಾಷೆ ಬಂದಿತೋ ನನಗೆ ನೆನಪಿಲ್ಲ, ಹೆರಿಗೆ ಕೋಣೆಯ ಹೊರಗೆ ಕುಳಿತಿದ್ದ ಅತ್ತೆಗೆ ನೆನಪಿತ್ತು. ತೊಟ್ಟಿಲ ದಿನ ನೆರೆದ ಹೆಂಗಸರ ಮುಂದೆ ಅವರು ಸೊಂಟ ಹಿಡಿದು, ಮುಖ ಕಿವುಚಿ, ನನ್ನ ಹಾಗೆಯೇ ಕೂಗಿ ತೋರಿಸಿದರು. "ತೆಲುಗಿನಾಗೆ ಹೆತ್ಲು ನಮ್ಮ ಸೊಸಿ." ಆ ಮಾತು ಈ ಮನೆಯಲ್ಲಿ ಎಷ್ಟು ವರ್ಷ ಬಾಳಿತೆಂದರೆ, ಮಗಳಿಗೆ ಆರು ತುಂಬಿದಾಗ ಅವಳೇ ಅಜ್ಜಿಯ ಮಡಿಲಲ್ಲಿ ಕುಳಿತು, ಬಂದವರ ಮುಂದೆ ಸೊಂಟ ಹಿಡಿದುಕೊಂಡು ಕೂಗಿ ತೋರಿಸುತ್ತಿದ್ದಳು. ನಾನು ತಟ್ಟೆಯಲ್ಲಿ ಮಂಡಕ್ಕಿ ತಂದಿಟ್ಟು ಒಳಗೆ ಹೋಗುತ್ತಿದ್ದೆ.

ನಾಲಿಗೆಯನ್ನು ತಿಕ್ಕಿ ತಿಕ್ಕಿ ತೊಳೆದುಕೊಂಡೆ. ಅತ್ತೆ ಹೇಗೆ 'ಐತೆ' ಎನ್ನುತ್ತಾರೆ, ಎಲ್ಲಿ ಎಳೆಯುತ್ತಾರೆ, ಎಲ್ಲಿ ಕತ್ತರಿಸುತ್ತಾರೆ ಎಂದು ಕಿವಿಗೊಟ್ಟು ಕಲಿತೆ. ಅಮ್ಮನಿಗೆ ಫೋನ್ ಮಾಡುವಾಗ ಪಡಸಾಲೆಯಲ್ಲಿ ಯಾರಾದರೂ ಇದ್ದರೆ 'ಅಮ್ಮ' ಹೋಗಿ 'ಅವ್ವ' ಆಗುತ್ತಿತ್ತು. ಅತ್ತ ಕಡೆಯಿಂದ ಅವಳು ತೆಲುಗಿನಲ್ಲಿ ಕೇಳುತ್ತಿದ್ದಳು, ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಕೆಲವು ವರ್ಷಗಳಾದ ಮೇಲೆ ಅವಳೂ ಕನ್ನಡಕ್ಕೆ ತಿರುಗಿದಳು. ಅವಳ ಕನ್ನಡ ಸರಿಯಿಲ್ಲ. ಒಂದು ಸಲ ಇಲ್ಲಿಗೆ ಬಂದಾಗ ಅತ್ತೆಯ ಮುಂದೆ ಏನೋ ತಪ್ಪಾಗಿ ಅಂದಳು. ಅತ್ತೆ ನಗುವ ಮೊದಲೇ ನಾನು ತಿದ್ದಿದೆ. "ಹಂಗಲ್ಲವ್ವ, ಹಿಂಗನ್ಬೇಕು." ಅಮ್ಮ ನನ್ನ ಮುಖ ನೋಡಿ, ನಾನು ಹೇಳಿಕೊಟ್ಟಂತೆಯೇ ಮತ್ತೊಮ್ಮೆ ಹೇಳಿದಳು. ಆಮೇಲೆ ಈ ಮನೆಗೆ ಬರುವುದನ್ನು ಕಡಿಮೆ ಮಾಡಿದಳು. ನಾನೂ ಕರೆಯಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಗ್ಗಕ್ಕೆ ತಮ್ಮ ಕುಳಿತ. ತವರಿನ ಸುದ್ದಿಯೆಲ್ಲ ಅವನ ಫೋನಿನಲ್ಲೇ ತಿಳಿಯುವಂತಾಯಿತು.

ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆಯಿತು.

ನಾನು ಬಂದಾಗ ಐದನೆಯ ಕ್ಲಾಸಿನಲ್ಲಿದ್ದ ಮೈದುನ ಮೂವತ್ತು ದಾಟಿದರೂ ಮದುವೆಗೆ ಒಪ್ಪಿರಲಿಲ್ಲ. ಕೊನೆಗೆ ಒಂದು ದಿನ ರಿಜಿಸ್ಟರ್ ಮದುವೆ ಮಾಡಿಕೊಂಡೇ ಬಂದ. ಹುಡುಗಿ ಇಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಊರು ದೊಡ್ಡಉಳ್ಳಾರ್ತಿ. ಊರೆಂದರೆ ಊರೊಳಗಲ್ಲ, ಕಾಲೋನಿ. ಅವಳ ಅಪ್ಪ ಊರಾಚೆಯ ಹುಲ್ಲುಬಯಲಾದ ಕಾವಲಿನಲ್ಲಿ ಬೇರೆಯವರ ಕುರಿ ಮೇಯಿಸುತ್ತಿದ್ದ. ಕಾವಲಿಗೆ ಗೋಡೆ ಎದ್ದು ದೊಡ್ಡ ದೊಡ್ಡ ಸಂಸ್ಥೆಗಳು ಬಂದ ಮೇಲೆ ಅವಳ ಅವ್ವ ಆ ಗೋಡೆಯೊಳಗೇ ಗುತ್ತಿಗೆದಾರನ ಕೆಳಗೆ ಕಸ ಗುಡಿಸಿ ಹುಲ್ಲು ಕೀಳುವ ಕೆಲಸಕ್ಕೆ ಸೇರಿದ್ದಳು.

ಅತ್ತೆ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ, ಊರ ಬಾಯಿಗೆ ಬೀಳುವುದಕ್ಕಿಂತ ಮನೆಯೊಳಗೆ ಇಟ್ಟುಕೊಳ್ಳುವುದೇ ಮೇಲು ಎಂದು ತೀರ್ಮಾನಿಸಿ ನನ್ನನ್ನು ದೇವರ ಕೋಣೆಗೆ ಕರೆದರು. ಬಾಗಿಲು ಹಾಕಿಕೊಂಡು ಹೇಳಿದರು:

"ನೀನು ಈ ಮನೆ ದೊಡ್ಡ ಸೊಸಿ. ಒಲೆ, ದೇವರು ಎರಡೂ ನಿನ್ನ ಕೈಯಾಗಿರ್ಲಿ. ಅವಳು ಇಲ್ಲಿ ಕಾಲಿಡದಂಗೆ ನೋಡ್ಕ. ಬಾಯಿಬಿಟ್ಟು ಹೇಳ್ಬ್ಯಾಡ. ತಾನೇ ತಿಳ್ಕಳ್ಳಂಗೆ ಮಾಡು."

ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ 'ದೊಡ್ಡ ಸೊಸೆ' ಎಂಬ ಮಾತು ಕೇಳಿದ್ದು ಅದೇ ಮೊದಲು. ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ನನ್ನ ವಾರಗಿತ್ತಿ ಬಂದ ಮರುದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಅವಳು ಬಂದು ಬಕೆಟ್ಟಿನಿಂದ ಒಂದು ಸೀರೆ ಎತ್ತಿ, ಇನ್ನೊಂದು ತುದಿ ಹಿಡಿದಳು. ಸಣ್ಣ ಮೈ, ಅಗಲ ಕಣ್ಣು, ಮೂಗಿನ ಮೇಲೆ ಬೆವರು. ಸುತ್ತ ನೋಡಿ ದನಿ ತಗ್ಗಿಸಿ ಕೇಳಿದಳು:

"ಅಕ್ಕಾ, ಮೀದಿ ಕೂಡಾ ತೆಲುಗೇ ಅಂಟ ಕದಾ?"

ನಿಮ್ಮದೂ ತೆಲುಗೇ ಅಂತಲ್ಲಾ ಅಕ್ಕ, ಎಂದು. ಅವರ ಕಾಲೋನಿಯಲ್ಲೂ ಮನೆಮಾತು ತೆಲುಗು. ಅವಳ ಗಂಡ ಹೇಳಿದ್ದನಂತೆ, ಅತ್ತಿಗೆಯದೂ ಅದೇ ಎಂದು. ಅದನ್ನು ಕೇಳಿದ ಮೇಲೆ ಭಯ ಹೋಯಿತು ಎಂದು ಒಂದೇ ಉಸಿರಿಗೆ ಹೇಳಿ, ನನ್ನ ಮುಖ ನೋಡುತ್ತ ನಿಂತಳು. ಅಷ್ಟು ವರ್ಷಗಳಲ್ಲಿ ಈ ಮನೆಯ ಗೋಡೆಗಳೊಳಗೆ ನನ್ನೊಡನೆ ನನ್ನ ಮಾತಿನಲ್ಲಿ ಯಾರೂ ಮಾತಾಡಿರಲಿಲ್ಲ. ಕಿವಿ ತಣ್ಣಗಾಗಬೇಕಿತ್ತು. ಆದರೆ ನನಗೆ ಕಂಡದ್ದು ಒಂದೇ. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ ನಿಂತಿದ್ದರೆ, ಇಬ್ಬರನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ.

"ಈ ಮನೆಯಾಗೆ ಕನ್ನಡ ಮಾತಾಡ್ಬೇಕು," ಎಂದೆ ಗಟ್ಟಿಯಾಗಿ. "ನಂಗೆ ನಿಮ್ಮ ಮಾತು ತಿಳಿಯಲ್ಲ."

ಅವಳು ಸೀರೆಯ ತುದಿ ಬಿಡಲಿಲ್ಲ. ಹಗ್ಗದ ಮೇಲೆ ಸರಿಯಾಗಿ ಎಳೆದು, ಕ್ಲಿಪ್ಪು ಸಿಕ್ಕಿಸಿ, "ಸರಿ ಅಕ್ಕ" ಎಂದು ಒಳಗೆ ಹೋದಳು. ನನ್ನೊಡನೆ ಆಮೇಲೆ ಅವಳು ಒಂದೇ ಒಂದು ತೆಲುಗು ಮಾತೂ ಆಡಲಿಲ್ಲ.

ಅತ್ತೆ ಹೇಳಿದ್ದನ್ನು ನಾನು ಮಾಡಿದೆ, ಹೇಳದ್ದನ್ನೂ ಮಾಡಿದೆ. ಅವಳು ತೊಳೆದಿಟ್ಟ ಪಾತ್ರೆಗಳನ್ನು ಅವಳೆದುರೇ ಮತ್ತೆ ನೀರು ಬಿಟ್ಟು ತೊಳೆಯುತ್ತಿದ್ದೆ. ಅವಳು ಅಡುಗೆಮನೆಯ ಬಾಗಿಲಿಗೆ ಬಂದರೆ, ಏನು ಬೇಕೆಂದು ಕೇಳಿ ಅದನ್ನು ಅಲ್ಲಿಗೇ ತಂದುಕೊಡುತ್ತಿದ್ದೆ. ನೋಡಿದವರಿಗೆ ಅದು ಅಕ್ಕರೆಯಂತೆ ಕಾಣುತ್ತಿತ್ತು. ಯುಗಾದಿಯ ದಿನ ಅವಳಿಗೆ ರಜೆ ಇತ್ತು. "ಹಬ್ಬದಾಗೆ ರೋಗಿಗಳಿಗೆ ಯಾರು ದಿಕ್ಕು, ಡ್ಯೂಟಿಗೆ ಹೋಗವ್ವ, ಪುಣ್ಯ ಬರ್ತೈತೆ" ಎಂದೆ. ಅವಳು ಹೋದಳು. ನಾನು ಅವಳಿಗೆಂದು ಒಬ್ಬಟ್ಟು ಎತ್ತಿಡಲಿಲ್ಲ. ಮೈದುನನಿಗೆ ಇದೊಂದೂ ಕಾಣುತ್ತಿರಲಿಲ್ಲ, ಅವಳು ಹೇಳುತ್ತಲೂ ಇರಲಿಲ್ಲ. ಅವಳು ಹೇಳುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನೂ ಹೇಳಿದವಳಲ್ಲವಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವಳ ಅವ್ವ ಬಂದಳು. ಮಗಳ ಮದುವೆಯಾಗಿ ಎಂಟು ತಿಂಗಳಾದ ಮೇಲೆ ಮೊದಲ ಸಲ. ಎಣ್ಣೆ ಹಚ್ಚಿ ಬಾಚಿದ ತಲೆ, ಮಡಿಕೆ ಮುರಿಯದ ಹೊಸ ಸೀರೆ, ಕೈಯಲ್ಲಿ ಒಂದು ಚೀಲ ಹಸಿ ಶೇಂಗಾ. ಅದೇ ಹೊತ್ತಿಗೆ ನನ್ನಿವಾಳದಿಂದ ಅತ್ತೆಯ ತಂಗಿ ಮತ್ತು ಅವರ ಮಗಳು ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ವಾರಗಿತ್ತಿ ತನ್ನ ಅವ್ವನನ್ನು ಒಳಗೆ ಕರೆದು, ಒಂದು ಕುರ್ಚಿ ಎಳೆದು ಕೂರಿಸಿದಳು. ಅತ್ತೆ ನನ್ನನ್ನು ಒಂದು ಸಲ ನೋಡಿದರು, ಅಷ್ಟೆ.

ಅಡುಗೆಮನೆಯಲ್ಲಿ ಚಹಾ ಕುದಿಯುತ್ತಿರುವಾಗ ನನಗೆ ಹೊಳೆದದ್ದು ಇದು. ಅತ್ತೆ ಹೇಳಿಕೊಟ್ಟದ್ದಲ್ಲ, ನನ್ನದೇ ಬುದ್ಧಿ. ಮಿಲ್ಲಿನ ಹಮಾಲರಿಗೆಂದು ತಂದಿಟ್ಟ ಪೇಪರ್ ಲೋಟಗಳ ಕಟ್ಟು ಶೆಲ್ಫಿನ ಮೇಲಿತ್ತು. ಅದರಿಂದ ಒಂದನ್ನು ತೆಗೆದೆ. ತಟ್ಟೆಯಲ್ಲಿ ನಾಲ್ಕು ಸ್ಟೀಲ್ ಲೋಟ, ಒಂದು ಪೇಪರ್ ಲೋಟ. ಎಲ್ಲರಿಗೂ ಕೊಟ್ಟು, ಕೊನೆಗೆ ಆಕೆಯ ಮುಂದೆ ತಟ್ಟೆ ಹಿಡಿದೆ. ತಟ್ಟೆಯಲ್ಲಿ ಉಳಿದದ್ದು ಅದೊಂದೇ.

ಆಕೆ ಅದನ್ನು ನೋಡಿದಳು. ಎಲ್ಲರ ಕೈಯನ್ನೂ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಎತ್ತಿಕೊಂಡು, ಆರಲಿಕ್ಕೂ ಬಿಡದೆ, ಬೇಗ ಬೇಗ ಕುಡಿದಳು.

"ಚಾ ಚೆನ್ನಾಗೈತೆ ತಾಯಿ," ಎಂದಳು ನನಗೆ.

ಖಾಲಿ ಲೋಟವನ್ನು ಎಲ್ಲಿಡಬೇಕೆಂದು ಆಕೆಗೆ ತಿಳಿಯಲಿಲ್ಲ. ನಾನು ಕೈ ಚಾಚಲಿಲ್ಲ. ಆಕೆ ಅದನ್ನು ಮಡಚಿ, ಇನ್ನೊಮ್ಮೆ ಮಡಚಿ, ತನ್ನ ಚೀಲಕ್ಕೆ ಹಾಕಿಕೊಂಡಳು. ವಾರಗಿತ್ತಿ ಗೋಡೆಗೆ ಒರಗಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅವಳ ಕೈಯ ಸ್ಟೀಲ್ ಲೋಟದ ಚಹಾ ಕೆನೆ ಕಟ್ಟಿತ್ತು. ಆಕೆ ಹೋದ ಮೇಲೆ ಆ ಶೇಂಗಾವನ್ನು ಅತ್ತೆ ಮಿಲ್ಲಿನ ಹಮಾಲರಿಗೆ ಕಳಿಸಿದರು.

ಎರಡೇ ವಾರದಲ್ಲಿ ಮೈದುನ, ವಾರಗಿತ್ತಿ ಇಬ್ಬರೂ ಮನೆ ಬಿಟ್ಟರು. ಅವಳಿಗೆ ಸರ್ಕಾರಿ ನೌಕರಿ ಸಿಕ್ಕಿ, ಮೊಳಕಾಲ್ಮೂರಿನ ಆಸ್ಪತ್ರೆಗೆ ಹಾಕಿದ್ದರು. ಮೈದುನ ಅಲ್ಲೇ ಒಂದು ಮೆಡಿಕಲ್ ಸ್ಟೋರು ಇಡುತ್ತೇನೆಂದ. ಹೊರಡುವಾಗ ಅವಳು ಅತ್ತೆಯ ಕಾಲಿಗೆ ಬಗ್ಗಿದಳು. ಅತ್ತೆ ಹಿಂದೆ ಸರಿದರು. ಅವಳು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಬರ್ತೀನಿ ಅಕ್ಕ" ಎಂದು ನನಗೆ ಹೇಳಿ ಹೋದಳು. ಆ ದಿನ ಊಟಕ್ಕೆ ಕುಳಿತಾಗ ಅತ್ತೆ ತಮ್ಮ ಕೈಯಾರೆ ನನ್ನ ಮುದ್ದೆಗೆ ತುಪ್ಪ ಹಾಕಿದರು. "ಉಣ್ಣು, ಬಡವಾಗಿದೀಯ" ಎಂದರು. ಆಂಧ್ರದವಳು ಎಂದು ಅವರು ನನ್ನನ್ನು ಆಮೇಲೆ ಕರೆಯಲಿಲ್ಲ. ನನಗೆ ಹಸಿವು ಚೆನ್ನಾಗಿತ್ತು, ಉಂಡೆ.

ಒಂದು ವರ್ಷ ಕಳೆದಿರಬೇಕು. ಅಮ್ಮನಿಗೆ ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ಚಪ್ಪಲಿ ಕಚ್ಚಿ ಹೆಬ್ಬೆರಳಿನ ಪಕ್ಕ ಗಾಯವಾಯಿತು, ಮಾಯುತ್ತಿಲ್ಲ ಎಂದು ತಮ್ಮ ಫೋನ್ ಮಾಡಿದ. ಬರುತ್ತೇನೆ ಎಂದೆ, ಹೋಗಲಿಲ್ಲ. ಇಲ್ಲಿ ಏನೋ ಪೂಜೆ ಇತ್ತು. ಹತ್ತು ದಿನ ಬಿಟ್ಟು ಅವನೇ ಮತ್ತೆ ಮಾಡಿದ.

"ಈಗ ಪರವಾಗಿಲ್ಲ ಅಕ್ಕ. ನಿನ್ನ ವಾರಗಿತ್ತಿ ನಮ್ಮ ಬೀದಿಯಾಗೇ ಮನೆ ಮಾಡ್ಯಾರೆ. ಆಸ್ಪತ್ರೆಯಾಗೆ ಅಮ್ಮನ್ನ ಮಾತಾಡ್ಸಿ, ನಿನ್ನ ತಾಯಿ ಅಂತ ಗುರುತು ಹಿಡಿದ್ರಂತೆ. ಡ್ಯೂಟಿ ಮುಗಿಸ್ಕಂಡು ಹೋಗೋವಾಗ ದಿನಾ ಮನೆಗೇ ಬಂದು ಗಾಯ ತೊಳೆದು ಕಟ್ಟಿ ಹೋಗ್ತಾರೆ. ದೇವರಂಥೋರು."

ಮರುದಿನವೇ ಬಸ್ಸು ಹತ್ತಿದೆ. ಅಮ್ಮನ ಕಾಲು ನೋಡಲಿಕ್ಕಲ್ಲ. ವಾರಗಿತ್ತಿ ನನ್ನ ಬಗ್ಗೆ ಅಲ್ಲಿ ಏನು ಹೇಳಿದ್ದಾಳೋ ತಿಳಿಯಬೇಕಿತ್ತು.

ನಾನು ತವರು ಮುಟ್ಟಿದಾಗ ಮಧ್ಯಾಹ್ನ ಮೂರಾಗಿತ್ತು. ನಡುಮನೆಯಲ್ಲಿ ತಮ್ಮ ಮಗ್ಗದಲ್ಲಿದ್ದ. ಒಳಮನೆಯ ಮಂಚದ ಮೇಲೆ ಅಮ್ಮ ಕುಳಿತಿದ್ದಳು. ವಾರಗಿತ್ತಿ ನೆಲದ ಮೇಲೆ ಕುಳಿತು, ಅಮ್ಮನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹತ್ತಿಯಿಂದ ಒರೆಸುತ್ತಿದ್ದಳು. ಇಬ್ಬರೂ ತೆಲುಗಿನಲ್ಲಿ ಯಾವುದೋ ಮದುವೆಯ ಊಟದ ಮಾತಾಡಿಕೊಂಡು ನಗುತ್ತಿದ್ದರು. ಅಮ್ಮ ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ. ಬಾಗಿಲಲ್ಲಿ ನನ್ನನ್ನು ಕಂಡವಳೇ ನಗು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ಕನ್ನಡದಲ್ಲಿ ಕೇಳಿದಳು: "ಬಂದ್ಯಾ? ಕೂತ್ಕೊ. ಊಟ ಮಾಡ್ತೀಯಾ?"

ನೆಂಟರನ್ನು ಕೇಳುವ ಹಾಗೆ.

ವಾರಗಿತ್ತಿ ಎದ್ದು ಕೈ ತೊಳೆದುಕೊಂಡಳು. ನಮ್ಮ ಮನೆಯ ಬಚ್ಚಲು ಎಲ್ಲಿದೆ, ಟವೆಲ್ಲು ಎಲ್ಲಿ ತೂಗುಹಾಕಿದೆ ಎಂದು ಅವಳಿಗೆ ಗೊತ್ತಿತ್ತು. "ಚೆನ್ನಾಗಿದೀರಾ ಅಕ್ಕ?" ಎಂದು ಕೇಳಿ, ಅಮ್ಮನಿಗೆ ತೆಲುಗಿನಲ್ಲಿ ಮಾತ್ರೆಯ ಹೊತ್ತು ನೆನಪಿಸಿ ಹೊರಟಳು.

"ಒಳ್ಳೆ ಹುಡುಗಿ," ಎಂದಳು ಅಮ್ಮ. "ನಿಮ್ಮ ಮನೆಯವರೆಲ್ಲ ಚೆನ್ನಾಗಿ ನೋಡ್ಕೊಂಡ್ರು ಅಂತಾಳೆ. ನಿನ್ನೂ ಹೊಗಳ್ತಾಳೆ."

ಅವಳು ಏನೂ ಹೇಳಿರಲಿಲ್ಲ. ನಾನು ನಿರಾಳವಾಗಬೇಕಿತ್ತು. ಆಗಲಿಲ್ಲ. ನಾನು ಕಳೆದುಕೊಂಡ ಜಾಗದಲ್ಲಿ ಅವಳು ನೆಟ್ಟಗೆ ಕುಳಿತಿದ್ದಳು, ನನ್ನದೇ ಭಾಷೆಯಲ್ಲಿ, ನನ್ನಮ್ಮನ ಕಾಲು ಹಿಡಿದುಕೊಂಡು.

ನಾನು ಮಂಚದ ತುದಿಯಲ್ಲಿ ಕುಳಿತು ತೆಲುಗಿನಲ್ಲಿ ಮಾತು ತೆಗೆದೆ. ಎಷ್ಟೋ ವರ್ಷಗಳ ಮೇಲೆ. ನಾಲಿಗೆ ತಡವರಿಸಬಹುದು ಎಂದುಕೊಂಡಿದ್ದೆ, ತಡವರಿಸಲಿಲ್ಲ. ಆ ಕೆಲಸಕ್ಕೆ ಬೇಕಾದ ಮಾತುಗಳೆಲ್ಲ ಬಾಯಲ್ಲೇ ಇದ್ದವು. ಅವಳು ಯಾವ ಜನ, ಯಾವ ಕಾಲೋನಿ, ಅವಳವ್ವ ಏನು ಕೆಲಸ ಮಾಡುತ್ತಾಳೆ, ಎಲ್ಲ ಹೇಳಿದೆ.

ಅಮ್ಮ ತನ್ನ ಕಾಲಿಗೆ ಕಟ್ಟಿದ ಬಿಳಿ ಬಟ್ಟೆಯನ್ನೇ ನೋಡಿದಳು.

"ನಿಮ್ಮ ಮನೆಯಲ್ಲಿ ಹೇಗೆ ಇಟ್ಟುಕೊಂಡಿದ್ದಿರಿ?" ಎಂದು ತೆಲುಗಿನಲ್ಲೇ ಕೇಳಿದಳು.

"ಒಲೆ ಮುಟ್ಟಿಸಿರಲಿಲ್ಲ."

"ಇಲ್ಲಿ ನನ್ನ ತಟ್ಟೆಯಲ್ಲೇ ಉಂಡಿದ್ದಾಳೆ," ಎಂದಳು ಅಮ್ಮ. ನಾನು ಐದರ ಬಸ್ಸಿಗೆ ಚಳ್ಳಕೆರೆಗೆ ಬಂದೆ.

ಮುಂದಿನದನ್ನು ತಮ್ಮ ಹೇಳಿದ್ದು. ಮರುದಿನ ಅವಳು ಬಂದಾಗ ಅಮ್ಮ ಕುಂಟುತ್ತ ಹೋಗಿ ಬಾಗಿಲಲ್ಲೇ ನಿಂತಳಂತೆ. ವಾಸಿಯಾಗಿದೆ, ಇನ್ನು ಬರುವುದು ಬೇಡ ಎಂದಳಂತೆ. ವಾಸಿಯಾಗಿಲ್ಲ, ಒಳಗೆ ಇನ್ನೂ ಕೀವಿದೆ ಎಂದು ಅವಳು ಎರಡು ಸಲ ಹೇಳಿದಳಂತೆ. ಅಮ್ಮ ಬಾಗಿಲು ಬಿಡಲಿಲ್ಲ. ಆಗ ಅವಳು, "ನಾನು ಬ್ಯಾಡಂದ್ರೆ ಬೇರೆಯವರ ಕೈಲಾದ್ರೂ ಮಾಡಿಸ್ರಿ, ಬಿಡಬ್ಯಾಡ್ರಿ" ಎಂದು ಮಗ್ಗದಲ್ಲಿದ್ದ ತಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿ, ಬ್ಯಾಂಡೇಜು, ಮುಲಾಮು ಇದ್ದ ಕವರನ್ನು ಹೊಸ್ತಿಲ ಮೇಲಿಟ್ಟು ಹೋದಳಂತೆ. "ಅಮ್ಮಂಗೆ ಏನಾಯ್ತೋ ಗೊತ್ತಿಲ್ಲ ಅಕ್ಕ. ಕೇಳಿದ್ರೆ ಬಾಯಿ ಬಿಡಲ್ಲ" ಎಂದ ತಮ್ಮ. ನಾನೂ ಬಾಯಿ ಬಿಡಲಿಲ್ಲ.

ಅಮ್ಮ ಆಸ್ಪತ್ರೆಗೂ ಹೋಗಲಿಲ್ಲ. ಹೋದರೆ ಅಲ್ಲಿ ಅವಳೇ ಇರುತ್ತಾಳೆ. ತಮ್ಮ ಮೂರು ದಿನಕ್ಕೊಮ್ಮೆ ತನಗೆ ತೋಚಿದಂತೆ ಕಟ್ಟುತ್ತಿದ್ದ. ಅಮ್ಮ ಅವನು ನೋಡದಾಗ ಅದನ್ನು ಬಿಚ್ಚಿ ಅರಿಶಿನ ಮೆತ್ತುತ್ತಿದ್ದಳು. ಒಂದೂವರೆ ತಿಂಗಳಿಗೆ ಬೆರಳು ಕಪ್ಪಾಗಿ ವಾಸನೆ ಬಂತು. ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆವು. ಮೂರು ಬೆರಳು ತೆಗೆದರು. ಮೊದಲೇ ಯಾಕೆ ಬರಲಿಲ್ಲ ಎಂದು ಡಾಕ್ಟರು ಗದರಿದಾಗ ತಮ್ಮ ತಲೆ ತಗ್ಗಿಸಿ ನಿಂತ. ಅವನ ಪಕ್ಕದಲ್ಲಿ ನಾನು, ನನ್ನ ಪಾಲಿನದನ್ನೂ ಅವನೇ ಕೇಳಿಸಿಕೊಳ್ಳಲಿ ಎಂದು ಸುಮ್ಮನೆ ನಿಂತೆ.

ಮೊಳಕಾಲ್ಮೂರಿಗೆ ಬಂದ ಮೇಲೂ ದಿನ ಬಿಟ್ಟು ದಿನ ಗಾಯ ತೊಳೆಯಬೇಕಿತ್ತು. ನಾನು ವಾರಗಿತ್ತಿಯ ಮನೆಗೆ ಹೋದೆ. ಅವಳು ಅಂಗಳದಲ್ಲಿ ಯೂನಿಫಾರ್ಮು ಒಣಹಾಕುತ್ತಿದ್ದಳು.

"ಅಮ್ಮನ ಕಾಲು..." ಎಂದೆ.

"ಗೊತ್ತಕ್ಕ. ನಿಮ್ಮ ತಮ್ಮ ಹೇಳಿದ್ರು."

"ಒಂದು ಸಲ ಮನೆಗೆ ಬಂದು ನೋಡ್ತೀಯಾ?"

"ಮನೆಗೆ ಬರಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಗೆ ಕರ್ಕಂಡು ಬರ್ರಿ. ಚೀಟಿ ಮಾಡಿಸ್ಬೇಕು. ಬಂದೋರಿಗೆಲ್ಲ ಮಾಡ್ತೀನಿ, ಅವರಿಗೂ ಮಾಡ್ತೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಅಲ್ಲೇ ನಿಂತಿದ್ದೆ. ಅವಳು ಕೈ ಒರೆಸಿಕೊಂಡು ನನ್ನೆದುರು ಬಂದಳು.

"ನೀವೇ ಹೇಳಿದ್ದಾ?"

ಹೂಂ ಎಂದೆ.

"ನಮ್ಮವ್ವಂಗೆ ಮಾಡಿದ್ದು ನನ್ನ ಮ್ಯಾಲಿನ ಸಿಟ್ಟಿಗೆ ಅನ್ಕಂಡಿದ್ದೆ," ಎಂದಳು. "ನಿಮ್ಮವ್ವಂಗೆ ಯಾತಕ್ಕೆ ಮಾಡಿದ್ರಿ?"

ಅವಳು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ತಮ್ಮನ ಬೈಕಿನಲ್ಲಿ ಅಮ್ಮನನ್ನು ಆಸ್ಪತ್ರೆಗೆ ಕರೆತಂದೆವು. ಅವನು ಮಗ್ಗದ ಕೆಲಸಕ್ಕೆ ಮನೆಗೆ ಹೋದ ಮೇಲೆ ನಾನು ಚೀಟಿ ಹಿಡಿದು ಸಾಲಿನಲ್ಲಿ ಕುಳಿತೆ. ನಮ್ಮ ಸರದಿ ಬಂದಾಗ ವಾರಗಿತ್ತಿ ಅಮ್ಮನ ಕಾಲನ್ನು ಮೆಲ್ಲಗೆ ಎತ್ತಿ ಸ್ಟೂಲಿನ ಮೇಲಿಟ್ಟಳು. ಮೊದಲಿನಷ್ಟೇ ಹಗುರ ಕೈ. ಅಮ್ಮ ಅವಳನ್ನು ತೆಲುಗಿನಲ್ಲಿ ಮಾತಾಡಿಸಿದಳು, ಊಟವಾಯಿತೇ ಎಂದು. ಅವಳು ತಲೆ ಎತ್ತದೆ, "ಕಾಲು ಅಲ್ಲಾಡಿಸ್ಬ್ಯಾಡ್ರಿ ಅಜ್ಜಿ, ಉರೀತೈತೆ" ಎಂದು ಕನ್ನಡದಲ್ಲಿ ಹೇಳಿದಳು. ಕಟ್ಟಿ ಮುಗಿಸಿ, ಮುಂದಿನವರ ಹೆಸರು ಕೂಗಿದಳು.

ಹೊರಗಿನ ಬೆಂಚಿನ ಮೇಲೆ ತಮ್ಮನಿಗಾಗಿ ಕಾಯುತ್ತ ಕುಳಿತೆವು. ಬಿಸಿಲು ಏರಿತ್ತು. ಅಮ್ಮ ಹೇಳಿದಳು, ತನ್ನ ಅರೆಬರೆ ಕನ್ನಡದಲ್ಲಿ:

"ಹೇಳ್ದೋಳು ನೀನು. ಬಾಗ್ಲು ಹಾಕ್ದೋಳು ನಾನು. ತಪ್ಪು ನಿನ್ನೊಬ್ಬಳದೇ ಅಂತ ನಾನು ಅನ್ನಲ್ಲ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈಯನ್ನು ಸೆರಗಿನೊಳಗೆ ತೆಗೆದುಕೊಂಡಳು.

"ನಾಳಿದ್ದಿಂದ ನೀನು ಬರ್ಬ್ಯಾಡ. ತಮ್ಮ ಕರ್ಕೊಂಡು ಬರ್ತಾನೆ. ನಿಮ್ಮನೆಯಾಗೆ ಕೆಲಸ ಇರ್ತೈತೆ."

ನಾನು ಹೋಗಲಿಲ್ಲ. ಮನೆಯಲ್ಲಿ ಕೆಲಸವೂ ಇತ್ತು. ಅತ್ತೆಗೆ ಈಗ ಮಂಡಿನೋವು, ಏಳುವುದು ಕೂರುವುದು ಕಷ್ಟ. ಯಾರಾದರೂ ಬಂದರೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇವಳಿಲ್ದಿದ್ರೆ ಈ ಮನೆ ಇಲ್ಲ" ಎನ್ನುತ್ತಾರೆ. ಎರಡು ತಿಂಗಳ ಮೇಲೆ ತಮ್ಮ ಫೋನ್ ಮಾಡಿ, ಗಾಯ ಮುಚ್ಚಿದೆ, ಅಮ್ಮ ಕೋಲು ಹಿಡಿದು ಬೀದಿಯ ತುದಿಯವರೆಗೂ ಹೋಗಿಬರುತ್ತಾಳೆ ಎಂದ. ಬೀದಿಯ ತುದಿಯಲ್ಲಿರುವುದು ವಾರಗಿತ್ತಿಯ ಮನೆ. ಅಮ್ಮ ಅಲ್ಲಿಗೆ ಹೋಗುತ್ತಾಳೆಯೇ, ಹೋದರೆ ಅವಳು ಬಾಗಿಲು ತೆಗೆಯುತ್ತಾಳೆಯೇ ಎಂದು ನಾನು ಕೇಳಲಿಲ್ಲ.